ಗಾಜಿನವರ ಬುಗುರಿಸುತ್ತು

ಗಾಜಿನಂಗಡಿಯ ಹೆಂಗಸಿಗೆ ಕುಣಿತದ ಹುಚ್ಚು ಹಿಡಿದದ್ದು ಒಂದು ಕನ್ನಡಿಯಿಂದ. ಮಾರುಕಟ್ಟೆ ಬೀದಿಯ ಹಳೇ ಗೋದಾಮಿನ ಮಹಡಿಯಲ್ಲಿ ಜೋಡಿ ಕುಣಿತ ಕಲಿಸುವ ಶಾಲೆಯೊಂದು ಶುರುವಾಗಿ, ಅದರ ಉದ್ದನೆಯ ಗೋಡೆಗೆ ನೆಲದಿಂದ ಸೂರಿನವರೆಗೆ ಕನ್ನಡಿ ಕೂರಿಸುವ ಕೆಲಸ ಅವಳಿಗೂ ಅವಳ ಗಂಡನಿಗೂ ಬಂದಿತ್ತು. ಗಾಜು ಕತ್ತರಿಸುವುದು, ಅಂಚು ಉಜ್ಜುವುದು, ಹೊತ್ತೊಯ್ದು ಕೂರಿಸುವುದು ಎಲ್ಲ ಅವರಿಬ್ಬರೇ. ಆಳು ಇಟ್ಟುಕೊಂಡರೆ ಅವನ ಕೈಯನ್ನು ನಂಬಬೇಕಲ್ಲ ಎನ್ನುವುದು ಗಂಡನ ವಾದ. ಬೀದಿಯವರು ಅವಳನ್ನು ಗಾಜಿನಕ್ಕ ಎಂದೂ ಅವನನ್ನು ಗಾಜಿನಣ್ಣ ಎಂದೂ ಕರೆಯುತ್ತಿದ್ದರು. ಅಕ್ಕ, ಅಣ್ಣ! ಒಂದೇ ತಾಯಿಯ ಮಕ್ಕಳ ಹಾಗೆ ಕೇಳಿಸುತ್ತದಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಮೈ ಉರಿಯುತ್ತಿತ್ತು.

ಆ ದಿನ ಅವಳು ಮಂಡಿಯೂರಿ ಕೊನೆಯ ಕನ್ನಡಿಯ ಅಂಚಿನಿಂದ ಅಂಟು ಒರೆಸುತ್ತಿದ್ದಳು. ಬೆನ್ನ ಹಿಂದೆ ಕುಣಿತದ ಟೀಚರ್ ತನ್ನ ಜೋಡಿಯವನ ಜೊತೆ ಅಭ್ಯಾಸ ಮಾಡುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಮೊದಲು ಕೈ ಕೈ ಹಿಡಿದು ಅತ್ತಿತ್ತ ನಡೆದಾಡಿದರು. ಅದರಲ್ಲೇನಿದೆ, ಇವಳು ಗಮನ ಕೊಡಲಿಲ್ಲ. ಆಮೇಲೆ ನೋಡಿ, ಇಬ್ಬರೂ ಪಕ್ಕೆಯಿಂದ ತೊಡೆಯವರೆಗೆ ಒಬ್ಬರಿಗೊಬ್ಬರು ಒತ್ತಿ ನಿಂತರು. ಅವನ ಕಾಲು ಅವಳ ಎರಡು ಕಾಲಿನ ನಡುವೆ ಹೊಕ್ಕಿತು, ಅವಳದು ಅವನ ಕಾಲುಗಳ ನಡುವೆ. ಹಾಗೆಯೇ ಗಿರ್ರನೆ ತಿರುಗುತ್ತ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಹೋದರು. ಟೀಚರ್ ಕಣ್ಣು ಮುಚ್ಚಿಕೊಂಡಿದ್ದಳು. ಬಿದ್ದೇನೆಂಬ ಭಯ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಏನೇ, ಅಂಟು ಒಣಗ್ತಾ ಇದೆ. ಒರೆಸು," ಎಂದ ಗಂಡ.

ಒರೆಸಿದಳು. ಆದರೆ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ನನ್ನನ್ನೂ ಯಾರಾದರೂ ಹಾಗೆ ಹಿಡಿದುಕೊಳ್ಳಬೇಕು ಅನ್ನಿಸಿತು. ಯಾರಾದರೂ ಅಂದರೆ ಇನ್ಯಾರು, ಅಂಟಿನ ಡಬ್ಬಿ ಹಿಡಿದು ಪಕ್ಕದಲ್ಲೇ ಮರದ ತುಂಡಿನಂತೆ ನಿಂತಿದ್ದ ಆ ಪುಣ್ಯಾತ್ಮನೇ.

ಹಾಗೆಂದು ಗಂಡ ಹೆಂಡಿರ ನಡುವೆ ಜಗಳವಿತ್ತೇ? ಜಗಳವಾಡುವಷ್ಟು ಹತ್ತಿರವೂ ಅವರು ಇರಲಿಲ್ಲ. ಮಾವ ತೀರಿಕೊಂಡ ಹೊಸದರಲ್ಲಿ ಅತ್ತೆ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದರು. ನಾಲ್ಕು ದಿನ ಅವರ ಜೊತೆ ಮಲಗುತ್ತೇನೆ ಎಂದು ಇವಳು ಹಾಸಿಗೆ ಸುತ್ತಿಕೊಂಡು ಅವರ ಕೋಣೆಗೆ ಹೋದಳು. ಆ ನಾಲ್ಕು ದಿನ ವರ್ಷಗಳೇ ಆದವು. ಮಗಳು ಓದಲೆಂದು ಬೇರೆ ಊರಿಗೆ ಹೋದಳು, ಅತ್ತೆಗೆ ಭಯ ಹೋಗಿ ಗೊರಕೆ ಬಂತು, ಇವಳ ಹಾಸಿಗೆ ಮಾತ್ರ ಅಲ್ಲೇ ಉಳಿಯಿತು. ವಾಪಸು ಬಾ ಎಂದು ಅವನು ಕರೆಯಲಿಲ್ಲ. ಕರೆಯದೆ ಹೋಗಲು ಇವಳಿಗೆ ಬಿಗುಮಾನ. ಒಂದು ಹಾಸಿಗೆಯನ್ನು ಒಂದು ಹೊಸಿಲು ದಾಟಿಸುವುದು ಎಷ್ಟು ದೊಡ್ಡ ಕೆಲಸ ಅಂತೀರಿ! ಮಣಭಾರದ ಗಾಜನ್ನು ಮೂರು ಮಹಡಿ ಹತ್ತಿಸುವ ಹೆಂಗಸು ಅದೊಂದನ್ನು ಮಾಡಲಾರದೆ ಹೋದಳು.

ಅವನ ಮೈ ಮುಟ್ಟಲು ಅವಳಿಗೆ ಉಳಿದಿದ್ದ ನೆಪವೆಂದರೆ ಗಾಜಿನ ಚೂರು. ಕಣ್ಣಿಗೆ ಕಾಣದ ಚೂರು ಬೆರಳಿಗೆ ಚುಚ್ಚಿಕೊಳ್ಳುವುದು ಈ ಕೆಲಸದವರಿಗೆ ದಿನದ ಪಾಡು. ಅವನು ಬಂದು ದೀಪದ ಕೆಳಗೆ ಅಂಗೈ ಚಾಚುತ್ತಾನೆ, ಅವಳು ಚಿಮಟ ಹಿಡಿದು ಹುಡುಕುತ್ತಾಳೆ. ಚೂರು ಸಿಕ್ಕಿದ ಮೇಲೂ "ಇರಿ, ಇನ್ನೊಂದು ಇದ್ದ ಹಾಗಿದೆ" ಎಂದು ಸುಳ್ಳು ಹೇಳಿ ಆ ಕೈಯನ್ನು ಇನ್ನಷ್ಟು ಹೊತ್ತು ತೊಡೆಯ ಮೇಲೆ ಇಟ್ಟುಕೊಂಡದ್ದುಂಟು. ಅವನು ಒಮ್ಮೆಯೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಕನ್ನಡಿಯ ಕೆಲಸ ಮುಗಿದ ವಾರವೇ ಅವಳು ಊಟದ ಹೊತ್ತಿನಲ್ಲಿ ವಿಷಯ ತೆಗೆದಳು. "ಆ ಕುಣಿತದ ಕ್ಲಾಸಿಗೆ ಸೇರ್ಕೊಳ್ಳೋಣ ರೀ. ಸಂಜೆ ಹೊತ್ತು ಅಷ್ಟೇ."

ಗಂಡ ತುತ್ತನ್ನು ಬಾಯಿಯವರೆಗೆ ಒಯ್ದು ನಿಲ್ಲಿಸಿದ. "ಯಾರು, ನಾವಾ?"

"ಇಲ್ಲ, ಪಕ್ಕದ ಮನೆಯವ್ರು."

"ಜನ ನಗ್ತಾರೆ ಕಣೇ."

"ನಗ್ಲಿ ಬಿಡೋ," ಎಂದು ಅತ್ತೆ ಬಾಯಿ ಹಾಕಿದರು. "ಮನೇಲಂತೂ ಯಾರೂ ನಗಲ್ಲ. ಹೋಗ್ಬನ್ನಿ ಇಬ್ರೂ. ಸೊಂಟ ಮುರ್ಕೊಂಡು ಬಂದ್ರೆ ಮಾತ್ರ ನಾನು ಎಣ್ಣೆ ತಿಕ್ಕಲ್ಲ, ಈಗ್ಲೇ ಹೇಳಿದೀನಿ."

ಅಮ್ಮನ ಮಾತಿಗೆ ಅವನು ಎದುರಾಡುವವನಲ್ಲ. ಹೀಗೆ ಗಾಜಿನಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಸ್ಪತ್ರೆಗೆ ಹೊರಟವನ ಮುಖ ಮಾಡಿಕೊಂಡು ಕುಣಿಯಲು ಹೋದ.

ಮೊದಮೊದಲು ಎಲ್ಲರಿಗಿಂತ ಇವರದೇ ಚೆಂದ. ಟೀಚರ್ ಬೆರಗಾದಳು. ಗಾಜು ಹೊರುವವರಲ್ಲವೇ, ಒಬ್ಬರು ಮುಂದಕ್ಕೆ ನಡೆದರೆ ಇನ್ನೊಬ್ಬರು ಹಿಂದು ಹಿಂದಕ್ಕೆ ನಡೆಯುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ಎದುರಿನವರ ಭುಜ ಒಂದಿಷ್ಟು ವಾಲಿದರೆ ಸಾಕು, ಬಾಗಿಲು ಬಂತೋ ಮೆಟ್ಟಿಲು ಬಂತೋ ತಿರುವು ಬಂತೋ ತಿಳಿದುಬಿಡುತ್ತದೆ. "ಹಿಂದೆ ತಿರುಗಿ ನೋಡದೆ ಹಿಂದಕ್ಕೆ ನಡೆಯೋ ಗಂಡಸನ್ನ ನಾನು ನೋಡಿದ್ದೇ ಇಲ್ಲ ಅಣ್ಣಾ," ಎಂದು ಟೀಚರ್ ಹೊಗಳಿದಾಗ ಅವನ ಕಿವಿ ಕೆಂಪಾಯಿತು. ಮನೆಗೆ ಬರುವ ದಾರಿಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದ. ಅವನ ಸಿಳ್ಳೆ ಕೇಳಿ ಎಷ್ಟು ಕಾಲವಾಗಿತ್ತೋ, ಅವಳು ಬೇಕೆಂದೇ ಹೆಜ್ಜೆ ನಿಧಾನ ಮಾಡಿದಳು.

ಆಮೇಲೆ ಬಂತು ಬುಗುರಿಸುತ್ತು. ಅದಕ್ಕೆ ದೊಡ್ಡ ಶಾಲೆಗಳಲ್ಲಿ ಬೇರೇನೋ ಹೆಸರಿದೆಯಂತೆ, ಟೀಚರ್ ಮಾತ್ರ ಬುಗುರಿ ಎಂದೇ ಹೇಳುತ್ತಿದ್ದಳು. ಕನ್ನಡಿಯಲ್ಲಿ ಇವಳು ಕಣ್ಣು ಕೀಳದೆ ನೋಡಿದ್ದು ಅದೇ ಸುತ್ತು.

"ಇಲ್ಲಿ ನೋಡಿ," ಎಂದಳು ಟೀಚರ್. "ಇಲ್ಲಿ ಇಬ್ರಿಲ್ಲ. ಇಬ್ರೂ ಸೇರಿ ಒಂದೇ ಬುಗುರಿ. ಪಕ್ಕೆ, ಹೊಟ್ಟೆ, ತೊಡೆ, ಮೂರೂ ತಾಗಿರ್ಬೇಕು. ಸ್ವಲ್ಪ ವಾಲಿದ ಹಾಗಾಗುತ್ತೆ, ಆಗ್ಲಿ. ವಾಲಿದಾಗ ದೂರ ಹೋಗ್ಬಾರ್ದು, ಇನ್ನೂ ಹತ್ತಿರ ಬರ್ಬೇಕು. ದೂರ ಹೋದ್ರೋ, ಇಬ್ರೂ ಬಿದ್ರಿ."

ಎಲ್ಲ ಜೋಡಿಗಳೂ ನಾಚುತ್ತ, ಕೆಮ್ಮುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಹತ್ತಿರವಾದವು. ಗಾಜಿನವರು ಮಾತ್ರ ಕೈ ಸರಿಯಾಗಿ ಹಿಡಿದರು, ಕಾಲು ಸರಿಯಾಗಿ ಇಟ್ಟರು, ಮೈ ಮೈ ನಡುವೆ ಮಾತ್ರ ಒಂದು ಗೇಣು ಜಾಗ ಬಿಟ್ಟರು. ಟೀಚರ್ ಬಂದು ಇಬ್ಬರ ಬೆನ್ನನ್ನೂ ಒತ್ತಿದಳು. ಒತ್ತಿದಷ್ಟು ಹೊತ್ತು ಹತ್ತಿರ, ಕೈ ತೆಗೆದರೆ ಮತ್ತೆ ಗೇಣು.

"ನಿಮ್ಮಿಬ್ರ ಮಧ್ಯ ಏನಿದೆ ಅಣ್ಣಾ, ಹತ್ರ ಬರೋಕಾಗ್ದೆ ಇರೋಷ್ಟು?"

"ಗಾಜಿದೆ ಮೇಡಂ! ನಮ್ಮ ಕಣ್ಣಿಗೆ ಕಾಣ್ಸಲ್ಲ ಅಷ್ಟೇ," ಎಂದ ಆಚೆ ಜೋಡಿಯ ಬೇಕರಿಯವನು. ಕೋಣೆಯೆಲ್ಲ ನಕ್ಕಿತು. ಗಂಡನೂ ನಕ್ಕ. ಅವಳೂ ನಕ್ಕಳು, ನಗದೆ ಏನು ಮಾಡುತ್ತಾಳೆ. ಕಣ್ಣಲ್ಲಿ ನೀರು ಬಂದದ್ದು ನಗುವಿನಿಂದಲೇ ಎಂದು ಎಲ್ಲರೂ ತಿಳಿದರು.

ಇನ್ನೊಂದು ಸಂಜೆ ಹೇಗೋ ಧೈರ್ಯ ಮಾಡಿ ಆ ಗೇಣನ್ನೂ ದಾಟಿದರು. ಅವನ ಅಂಗಿಯ ಗುಂಡಿ ಅವಳ ಹೊಟ್ಟೆಗೆ ಒತ್ತಿತು. ಅರ್ಧ ಸುತ್ತು ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಮೈ ಒಂದಿಷ್ಟು ವಾಲಿತು ನೋಡಿ, ಅವನು "ಬಿಟ್ಟೆ!" ಎಂದು ಕೂಗಿದ. ಕೂಗಿದ್ದೇ ತಡ, ಇಬ್ಬರೂ ಕೈ ಕೊಡವಿ, ಬೆಂಕಿ ಕಂಡವರಂತೆ ಹಿಂದಕ್ಕೆ ಹಾರಿ, ಅಂಗೈಗಳನ್ನು ಮೇಲಕ್ಕೆತ್ತಿ ನಿಂತರು. ಇವರು ಹಾರಿ ಡಿಕ್ಕಿ ಹೊಡೆದ ರಭಸಕ್ಕೆ ಬೇಕರಿಯವನ ಹೆಂಡತಿ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟಳು. ಹಾಡು ನಿಂತಿತು.

"ಏನು ಬಿಟ್ರಿ?" ಎಂದಳು ಟೀಚರ್ ಗಾಬರಿಯಿಂದ.

ಏನಂತ ಹೇಳುವುದು? ಅದು ಗಾಜಿನವರ ನಿಯಮ. ದೊಡ್ಡ ಗಾಜು ಇಬ್ಬರ ಕೈಯಲ್ಲಿರುವಾಗ ಜಾರಿದರೆ, ಮೊದಲು ತಿಳಿದವರು "ಬಿಟ್ಟೆ" ಎಂದು ಕೂಗಬೇಕು. ಕೇಳಿದವರು ಯಾಕೆ ಏನು ಎನ್ನದೆ ಆ ಕ್ಷಣವೇ ಬಿಟ್ಟು ಹಿಂದಕ್ಕೆ ಹಾರಬೇಕು. ಗಾಜು ಹೋದರೆ ಇನ್ನೊಂದು ಬರುತ್ತದೆ. ಒಬ್ಬರು ಬಿಟ್ಟು ಇನ್ನೊಬ್ಬರು ಆಸೆಯಿಂದ ಹಿಡಿದೇ ನಿಂತರೆ, ಹಿಡಿದು ನಿಂತವರ ಗತಿ ಮುಗಿಯಿತು. ಹೊಸ ಸೊಸೆಯಾಗಿ ಅಂಗಡಿಗೆ ಕಾಲಿಟ್ಟಾಗ ಮಾವ ಗಾಜು ಮುಟ್ಟಲು ಬಿಡುವ ಮುಂಚೆ ಅವಳಿಗೆ ಕಲಿಸಿದ್ದೇ ಇದನ್ನು. ಅಲ್ಲಿಂದ ಇಲ್ಲಿಯವರೆಗೆ ಆ ಮಾತು ಕಿವಿಗೆ ಬಿದ್ದರೆ ಮೈ ತಾನೇ ಹಾರುತ್ತದೆ, ಮನಸ್ಸನ್ನು ಕೇಳುವುದಿಲ್ಲ.

ಆಮೇಲೆ ಎಷ್ಟು ಸಲ ಹಿಡಿದರೂ ಅದೇ ಕಥೆ. ವಾಲುವುದು, "ಬಿಟ್ಟೆ", ಹಾರುವುದು. ಕ್ಲಾಸಿನವರು ಇವರ ಹಿಂದೆ ಜಾಗ ಖಾಲಿ ಬಿಟ್ಟು ಕುಣಿಯುವುದನ್ನು ರೂಢಿ ಮಾಡಿಕೊಂಡರು. ಅವಳಿಗೆ ತಲೆ ಚಿಟ್ಟು ಹಿಡಿಯಿತು. ವಾಲಿದಾಗ ಹತ್ತಿರ ಬರುವುದು ಅಷ್ಟು ಕಷ್ಟವೇ ಎಂದು ಅವನ ಮೇಲೆ ಸಿಟ್ಟು ಬಂದರೆ, ತನ್ನ ಕಾಲೂ ಅದೇ ಕ್ಷಣಕ್ಕೆ ಹಾರುತ್ತದಲ್ಲ ಎಂದು ತನ್ನ ಮೇಲೆ ಇನ್ನೂ ಸಿಟ್ಟು.

ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಟೀಚರ್ ಚಪ್ಪಾಳೆ ತಟ್ಟಿದಾಗ ಎಲ್ಲರೂ ಜೋಡಿ ಬದಲಿಸಬೇಕು. ಒಂದು ಸಂಜೆ ಚಪ್ಪಾಳೆ ಬಿದ್ದಾಗ ಅವಳ ಪಾಲಿಗೆ ಬೇಕರಿಯವನು ಬಂದ. ಬೆಣ್ಣೆ ವಾಸನೆಯ ದುಂಡು ಮನುಷ್ಯ, ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುವವನು. "ನನ್ನ ಹೊಟ್ಟೆ ಇರೋವಾಗ ನಿಮಗೇನು ಚಿಂತೆ ಅಕ್ಕಾ? ಹತ್ರ ಬರೋ ಕೆಲಸ ಅದೇ ಮಾಡುತ್ತೆ," ಎಂದ. ಹೌದಲ್ಲ! ಹಾಡು ಶುರುವಾಯಿತು, ಅವರು ತಿರುಗಿದರು. ವಾಲಿತು. ಅವನು ಏನೂ ಕೂಗಲಿಲ್ಲ, ಇನ್ನಷ್ಟು ಬಿಗಿ ಹಿಡಿದ. ಮತ್ತೆ ತಿರುಗಿದರು. ಕೋಣೆ, ಕಿಟಕಿ, ದೀಪ, ಅವಳೇ ಕೂರಿಸಿದ ಕನ್ನಡಿಗಳು, ಎಲ್ಲ ಒಂದಾಗಿ ಸುತ್ತಿದವು. ಅವಳ ಭಾರ ಅವಳಿಗೇ ಇಲ್ಲದ ಹಾಗಾಯಿತು. ಕಣ್ಣು ತಾನಾಗಿ ಮುಚ್ಚಿತು.

ಮುಚ್ಚಿದ ಕಣ್ಣಿನೊಳಗೆ ಅವಳು ಬೇಕರಿಯವನ ತೋಳಿನಲ್ಲಿರಲಿಲ್ಲ. ಗಂಡನ ತೋಳಿನಲ್ಲಿದ್ದಳು. ಹೀಗಿರುತ್ತಿತ್ತು, ಇಷ್ಟು ಸುಲಭವಾಗಿ ಆಗಿಬಿಡುತ್ತಿತ್ತು ಎಂದುಕೊಂಡಳು. ಹಾಡು ನಿಂತು ಎಲ್ಲರೂ ಚಪ್ಪಾಳೆ ಹೊಡೆದರು. ಕಣ್ಣು ತೆರೆದಾಗ ಗಂಡ ಯಾರ ಜೋಡಿಯನ್ನೂ ಹಿಡಿಯದೆ ಬೆಂಚಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ. ಅವನೂ ಚಪ್ಪಾಳೆ ಹೊಡೆಯುತ್ತಿದ್ದ.

ದಾರಿಯಲ್ಲಿ ಸಿಳ್ಳೆಯಿಲ್ಲ.

"ಚೆನ್ನಾಗ್ ಬಂತು ನಿಂಗೆ," ಎಂದ ಬೀದಿಯ ತಿರುವಿನಲ್ಲಿ.

"ಹ್ಞೂಂ."

"ಇನ್ಮೇಲೆ ನೀನೊಬ್ಳೇ ಹೋಗು. ನಾನಿದ್ರೆ ನಿಂಗೂ ಕೆಡುತ್ತೆ. ಅಲ್ಲಿ ಬೇರೆಯವ್ರ ಜೊತೆ ನಿಂಗೆ ಸರಿಯಾಗ್ ಬರುತ್ತೆ."

ಸಿಟ್ಟಿಲ್ಲ, ಹೊಟ್ಟೆಕಿಚ್ಚಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದೇ ಅವಳಿಗೆ ತಡೆಯಲಾಗಲಿಲ್ಲ. ಒಂದು ಬೈಗುಳ ಬೈದಿದ್ದರೆ, ಆ ಬೇಕರಿಯವನ ಹೊಟ್ಟೆಯ ಬಗ್ಗೆ ಒಂದು ಕೊಂಕು ಮಾತಾಡಿದ್ದರೆ, ಅವಳು ಅಲ್ಲೇ ನಡುಬೀದಿಯಲ್ಲಿ ಅವನ ಕುತ್ತಿಗೆಗೆ ಜೋತು ಬೀಳುತ್ತಿದ್ದಳೇನೋ. ಇವನೋ, ದಾನ ಕೊಟ್ಟ ಹಾಗೆ ಹೆಂಡತಿಯನ್ನು ಕೊಟ್ಟು ನಡೆಯುತ್ತಿದ್ದಾನೆ! ಗಂಡಸರ ಈ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು.

ಮಾರನೆಯ ದಿನವಿಡೀ ಅವಳು ಮುಖ ಗಂಟಿಕ್ಕಿಕೊಂಡೇ ಕೆಲಸ ಮಾಡಿದಳು. ಅವನು ಗಾಜಿನ ಮೇಲೆ ಕತ್ತರಿಸುವ ವಜ್ರದ ಮೊನೆ ಎಳೆದ, ಅವಳು ಅಂಚು ಉಜ್ಜಿದಳು. ಬಂದ ಗಿರಾಕಿಗಳಿಗೆ ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಕೊಟ್ಟರು. ಸಂಜೆ ಕ್ಲಾಸಿನ ಹೊತ್ತಾಯಿತು. ಅವನು ಗಡಿಯಾರ ನೋಡಿ, "ಹೊರಡಲ್ವಾ?" ಎಂದ.

ಅವಳು ಹೋಗಿ ಅಂಗಡಿಯ ಷಟರ್ ಅರ್ಧಕ್ಕೆ ಎಳೆದಳು. ಹಿಂದಿನ ಕೋಣೆಗೆ ನಡೆದು, ಗಾಜು ನಿಲ್ಲಿಸುವ ಚೌಕಟ್ಟುಗಳ ನಡುವಿನ ಓಣಿಯಲ್ಲಿ ನಿಂತಳು. ಎರಡೂ ಕಡೆ ಎದೆಮಟ್ಟದ ಗಾಜಿನ ಹಾಳೆಗಳು ಒರಗಿ ನಿಂತಿದ್ದವು. ಒಬ್ಬರು ಹೋಗುವಾಗ ಇನ್ನೊಬ್ಬರು ಕಾಯಬೇಕು, ಅಷ್ಟೇ ಅಗಲ.

"ಬನ್ನಿ ಇಲ್ಲಿ."

"ಯಾವ ಗಾಜು?"

"ಗಾಜಲ್ಲ. ಬುಗುರಿ."

ಅವನು ಅಲ್ಲೇ ನಿಂತ. "ಇಲ್ಲಾ? ತಲೆ ಕೆಟ್ಟಿದ್ಯೇನೇ ನಿಂಗೆ? ಒಂದ್ ಹೆಜ್ಜೆ ಹಿಂದೆ ಹೋದ್ರೆ ಗಾಜಿನೊಳಗೇ ಹೋಗ್ತೀವಿ."

"ಗೊತ್ತು. ಅದಕ್ಕೇ ಇಲ್ಲಿ."

"ಬೇಡ ಕಣೇ."

"ನೀವು ಬರೋವರ್ಗೂ ನಾನು ಇಲ್ಲಿಂದ ಕದಲಲ್ಲ," ಎಂದು ಪಟ್ಟು ಹಿಡಿದಳು. "ನಂಗೆ ಬೇರೆಯವ್ರ ಜೊತೆ ಬರೋದು ಬೇಡ ರೀ. ನಿಮ್ ಜೊತೆ ಬರ್ಬೇಕು. ಅಷ್ಟೇ ಬೇಕು ನಂಗೆ, ಇನ್ನೇನೂ ಬೇಡ."

ಅವನು ಬಂದ. ಪಕ್ಕಕ್ಕೆ ಜಾಗವಿರಲಿಲ್ಲ, ಗೇಣು ಬಿಡುವ ಮಾತೇ ಇಲ್ಲ. ಮೊಣಕೈಗಳನ್ನು ಮೈಗೆ ಅಂಟಿಸಿಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟ. ಹಾಡಿಲ್ಲ, ಹೊರಗೆ ಗಾಡಿಗಳ ಸದ್ದಷ್ಟೇ. ಒಂದು ಪಾದ, ಇನ್ನೊಂದು ಪಾದ, ಬೀಸುವ ಕಲ್ಲಿನಷ್ಟು ನಿಧಾನವಾಗಿ ಅವರು ತಿರುಗಿದರು. ಅವನ ಉಸಿರು ಅವಳ ಕಿವಿಯ ಬಳಿ ಬಿಟ್ಟು ಬಿಟ್ಟು ಬರುತ್ತಿತ್ತು. ಅವಳ ಬೆನ್ನು ಒಂದು ಗಾಜಿನ ಮುಂದೆ ಹಾದು, ಅವನ ಬೆನ್ನು ಇನ್ನೊಂದರ ಮುಂದೆ ಹಾದು, ಒಂದು ಪೂರ್ತಿ ಸುತ್ತು ಆಯಿತು. ಇನ್ನೊಂದು ಶುರುವಾಯಿತು.

ಆಗ ಅವನ ಹಿಮ್ಮಡಿ ಚೌಕಟ್ಟಿನ ಮರದ ಪಟ್ಟಿಗೆ ತಗುಲಿತು. ಮೈ ವಾಲಿತು. ಅವನ ಕೈ ಸಡಿಲವಾದದ್ದು ಅವಳಿಗೆ ಗೊತ್ತಾಯಿತು, ಅವನ ಎದೆಯೊಳಗೆ ಆ ಮಾತು ಎದ್ದದ್ದೂ ಗೊತ್ತಾಯಿತು. "ಬಿ" ಎಂದ. ಅಲ್ಲಿಗೇ ನಿಂತ. ಪೂರ್ತಿ ಹೇಳಿದ್ದರೆ ಅವಳು ಹಾರುತ್ತಿದ್ದಳು, ಮನಸ್ಸನ್ನು ಕೇಳದೆ ಹಾರುತ್ತಿದ್ದಳು, ಅವಳ ಬೆನ್ನ ಹಿಂದೆ ಇದ್ದದ್ದು ಗಾಜು. ಅವನು ಮಾತನ್ನು ನುಂಗಿದ. ಎರಡೂ ತೋಳಿನಿಂದ ಅವಳನ್ನು ಬಾಚಿ ಎದೆಗೆ ಎಳೆದುಕೊಂಡ. ಅವಳ ಪಾದಗಳು ನೆಲ ಬಿಟ್ಟವು. ಅವಳಿಗೆ ಉಸಿರು ಕಟ್ಟಿತು, ಕಟ್ಟಲಿ ಅನ್ನಿಸಿತು.

ಗಾಜುಗಳು ಒಮ್ಮೆ ಅದುರಿ ಸುಮ್ಮನಾದವು. ಅವಳ ಪಾದ ನೆಲಕ್ಕೆ ತಾಗಿದ ಮೇಲೂ ಅವನು ಹಾಗೆಯೇ ನಿಂತಿದ್ದ.

"ಏನಾದ್ರೂ ಆಗಿದ್ರೆ?" ಎಂದು ಅವಳ ತಲೆಯ ಮೇಲಿನಿಂದಲೇ ಗದರಿದ. "ಹ್ಞಾಂ? ಏನಾದ್ರೂ ಆಗಿದ್ರೆ ನಾನೇನ್ ಮಾಡ್ಬೇಕಿತ್ತು?"

ಅವಳು ಅವನ ಅಂಗಿಯಲ್ಲಿ ಮುಖ ಹುದುಗಿಸಿದಳು. ಆ ಅಂಗಿಯ ವಾಸನೆ ಎಷ್ಟು ವರ್ಷದಿಂದ ಒಗೆಯುವಾಗ ಮಾತ್ರ ಅವಳಿಗೆ ಸಿಗುತ್ತಿತ್ತು. ಈಗ ಅದರೊಳಗೆ ಮನುಷ್ಯನಿದ್ದ.

ಅವನು ಹಿಡಿತ ಸಡಿಲಿಸದೆಯೇ, "ನೀನು ಅಮ್ಮನ ರೂಮಿಗೆ ಹಾಸಿಗೆ ತಗೊಂಡ್ ಹೋದ್ಯಲ್ಲ," ಎಂದ.

"ಹ್ಞೂಂ."

"ಆಮೇಲೆ ನೀನು ಬರ್ಲೇ ಇಲ್ಲ. ನೀನು ಬಿಟ್ಟೆ ಅಂದ್ಕೊಂಡೆ. ಅದಕ್ಕೇ ನಾನೂ ಬಿಟ್ಟೆ. ಹಂಗೇ ಅಲ್ವಾ ಮಾಡ್ಬೇಕಾಗಿದ್ದು?"

ಅವಳಿಗೆ ಮೊದಲು ಬಂದದ್ದು ಸಿಟ್ಟು. ತಲೆಯೆತ್ತಿ ಅವನ ಮುಖ ನೋಡಿದಳು. "ನಾನು ಬಿಟ್ಟೆ ಅಂದ್ನಾ? ಯಾವತ್ತಾದ್ರೂ ಅಂದ್ನಾ ರೀ? ಬಾಯ್ಬಿಟ್ಟು ಒಂದ್ಸಲ ಅಂದಿದ್ದು ಕೇಳ್ಸಿತ್ತಾ ನಿಮ್ಗೆ?"

ಅವನು ಇಲ್ಲವೆಂದು ತಲೆಯಾಡಿಸಿದ.

"ನಾನು ಬಿಟ್ಟಿರ್ಲೇ ಇಲ್ಲ," ಎಂದಳು. ಸಿಟ್ಟು ಅಲ್ಲಿಗೆ ಮುಗಿದು ಅಳು ಒತ್ತರಿಸಿ ಬಂತು. "ಇಷ್ಟು ವರ್ಷ ಹಿಡ್ಕೊಂಡೇ ಇದ್ದೆ. ಒಬ್ಳೇ."

ಒಬ್ಬರೇ ಹಿಡಿದು ನಿಲ್ಲುವುದೆಂದರೆ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ಅಂಗಡಿಗೆ ಅಂಟಿಕೊಂಡ ಮನೆಯೊಳಗಿನಿಂದ ಅತ್ತೆ, "ಎಲ್ಲಿ ಹೋದ್ರೋ ಇಬ್ರೂ?" ಎಂದು ಕೂಗಿದರು.

"ಕೈ ನೋಯ್ಲಿಲ್ವೇನೇ?" ಎಂದು ಅವನು ಕೇಳಿದ.

"ನೋಯ್ತು ಕಣ್ರೀ," ಎಂದಳು. "ತುಂಬಾ ನೋಯ್ತು."